ಕತ್ತರಿ ಹಚ್ಚದ ಕುಂಚಿಗೆ

ಹಳೆಯ ರೇಷ್ಮೆ ಸೀರೆ ನಮ್ಮ ಮನೆಗೆ ಬಂತೆಂದರೆ ಅದರ ಮುಂದೆ ಮೊದಲು ಬಂದು ಕೂರುವುದು ಕತ್ತರಿ. ಜರಿ ಕಪ್ಪಾದದ್ದು, ಮಡಿಕೆಯಲ್ಲಿ ಸೀಳಿದ್ದು, ಯಾರೂ ಉಡದೆ ಟ್ರಂಕಿನಲ್ಲೇ ಕೂತದ್ದು, ಎಲ್ಲವನ್ನೂ ಒಂದು ಮೂಲೆಯಿಂದ ಹಿಡಿದು ಬೆರಳಗಲದ ಪಟ್ಟಿಯಾಗಿ ಕತ್ತರಿಸುತ್ತ ಹೋಗುತ್ತೇವೆ. ಆ ಪಟ್ಟಿಯನ್ನು ಒದ್ದೆ ಕೈಯಲ್ಲಿ ಹುರಿ ಮಾಡಿ ಉಂಡೆ ಸುತ್ತಿದರೆ ಅದೇ ನಮ್ಮ ನೂಲು. ಅದರಿಂದ ಕೊಕ್ಕೆ ಸೂಜಿಯಲ್ಲಿ ಚೀಲ, ಬಾಗಿಲ ತೋರಣ, ದೇವರ ಮುಂದೆ ಹಾಸುವ ಚೌಕ ಹೆಣೆಯುತ್ತೇವೆ. ಶಹಾಪುರದಲ್ಲಿ ನನ್ನ ಮನೆಯ ಪಡಸಾಲೆಯೇ ಕಾರ್ಖಾನೆ. ಕಾರ್ಖಾನೆ ಎಂದರೆ ಇಬ್ಬರೇ ಜನ: ನಾನು, ಮತ್ತು ಪಕ್ಕದ ಓಣಿಯ ಆಪಾ. ಆಪಾ ಎಂದರೆ ಅವರ ಮಾತಿನಲ್ಲಿ ಅಕ್ಕ, ನನಗಿಂತ ಹಿರಿಯಳು. ಮನೆಯಲ್ಲಿ ದಖನಿ ಮಾತಾಡುತ್ತಾಳೆ, ನನ್ನೊಂದಿಗೆ ಕನ್ನಡ. ಸಿಟ್ಟು ಬಂದಾಗ ಎರಡನ್ನೂ ಕಲಸುತ್ತಾಳೆ. ನಾನು ಹಿಂದೆ ಹೊಲಿಗೆ ಕಲಿಸುತ್ತಿದ್ದೆನೆಂದು ಇವತ್ತಿಗೂ ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಾಳೆ. ಗೌರವ ಅಲ್ಲಿಗೆ ಮುಗಿಯಿತು. ಮಿಕ್ಕಂತೆ ನನ್ನ ಯಾವ ಮಾತನ್ನೂ ಆಕೆ ಸುಮ್ಮನೆ ಒಪ್ಪಿದ್ದು ನನಗೆ ನೆನಪಿಲ್ಲ.

ಬಿಸಿಲು ಏರತೊಡಗಿದ್ದ ದಿನಗಳಲ್ಲಿ ಒಬ್ಬ ಬಸುರಿ ಹುಡುಗಿ ಹುಡುಕಿಕೊಂಡು ಬಂದಳು. ಗಂಡನ ಮನೆ ಸುರಪುರ, ಕೆಲಸ ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಟೈಪಿಂಗು. ತೊಡೆಯ ಮೇಲೆ ಒಂದು ಬಟ್ಟೆ ಚೀಲ ಇಟ್ಟುಕೊಂಡು ಅದನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ನೀರು ಕೊಟ್ಟರೂ ಒಂದು ಕೈ ಚೀಲದ ಮೇಲೆಯೇ.

“ರೇಷ್ಮಿ ಕುಂಚಿಗಿ ಹೆಣದು ಕೊಡ್ತೀರೇನ್ರಿ, ಅಕ್ಕೋರ? ಹೊಲದದ್ದು ಬ್ಯಾಡ, ಹೆಣದದ್ದು,” ಎಂದಳು.

ಕುಂಚಿಗೆ ಅಂದರೆ ಎಳೆಗೂಸಿನ ತಲೆಗೆ ಟೊಪ್ಪಿಗೆ, ಅದಕ್ಕೆ ಹೊಂದಿಕೊಂಡೇ ಬೆನ್ನ ಮೇಲೆ ಇಳಿಬಿದ್ದ ಅಗಲ ಬಟ್ಟೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದು ತಾಯಿಯ ತವರಿನಿಂದ ಬರಬೇಕು. ಹಾಗಾಗಿ ನಾನು ಕೇಳಿಯೇಬಿಟ್ಟೆ, ನನ್ನ ಬಾಯಿ ಮೊದಲಿಂದಲೂ ಹಾಗೆಯೇ: “ಅಲ್ಲವ್ವಾ, ಇದನ್ನ ತವರವರು ಬಂದು ಮಾಡಸಬೇಕು. ನೀ ಯಾಕ ಹೊಟ್ಟಿ ಹೊತ್ತುಕೊಂಡು ತಿರಗಾಕತ್ತಿ?”

ಹುಡುಗಿ ಚೀಲವನ್ನು ಮುಂದೆ ಸರಿಸಿದಳು. “ತವರಂದ್ರ ಇಷ್ಟ ಅದರಿ. ನಮ್ಮೂರು ರಾಮಸಮುದ್ರದಾಗ ನಮ್ಮವರಂತ ಈಗ ಯಾರೂ ಇಲ್ಲ. ಅಪ್ಪ ನಾ ಸಣ್ಣಾಕಿ ಇದ್ದಾಗನ ಹೋದ. ಅವ್ವ ಹೋದ ವರ್ಷ ಹೋದಳು. ಅತ್ತಿ ಮನ್ಯಾಗ ನನಗ ಯಾರೂ ಏನೂ ಅಂದಿಲ್ರಿ, ಸುಳ್ಳ ಯಾಕ ಹೇಳ್ಲಿ. ಆದ್ರ ಅವತ್ತ ಬಂದ ಮಂದಿ ಕೇಳ್ತಾರಲ್ರಿ, ತವರಿಂದ ಏನ ಬಂತು ಅಂತ. ಅವ್ವನ ಸೀರಿಲೆ ಒಂದು ಕುಂಚಿಗಿ ಆದ್ರ, ಅವ್ವನ ಬಂದಂಗ ಆಗ್ತದ.”

ಚೀಲದಲ್ಲಿದ್ದದ್ದು ಆಕೆಯ ಅವ್ವನ ಧಾರೆ ಸೀರೆ. ಇಳಕಲ್ಲಿನದು, ನೀಲಿ ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ಪಟ್ಟೆ. ಧಾರೆ ಸೀರೆಗೆ ಕತ್ತರಿ ಹಚ್ಚಬಾರದು ಎಂದು ಆಕೆಯ ಅವ್ವ ಹೇಳುತ್ತಿದ್ದಳಂತೆ. ದರ್ಜಿಯ ಹತ್ತಿರ ಹೋದರೆ ಅವನು ನಕ್ಕು, ಕತ್ತರಿ ಇಲ್ಲದ ಹೊಲಿಗೆ ಎಲ್ಲಿಂದ ತರಲಿ ಎಂದನಂತೆ. ಶಹಾಪುರದ ಇಬ್ಬರು ಹೆಂಗಸರು ಬರೀ ಸೂಜಿಯಲ್ಲೇ ಎಲ್ಲ ಮಾಡುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದಕ್ಕೆ ಇಲ್ಲಿಗೆ ಬಂದಿದ್ದಳು. ಆಕೆ ಇದನ್ನು ಹೇಳುತ್ತಿರುವಾಗ ಆಪಾ ನಿಧಾನಕ್ಕೆ ಜರುಗಿ ನಮ್ಮ ದೊಡ್ಡ ಕತ್ತರಿಯ ಮೇಲೆ ಕೂತಳು.

ಆಗದು ಎನ್ನಬೇಕಿತ್ತು. ಆದರೆ ಆ ಹುಡುಗಿಯ ಮುಖ ನೋಡಿ ಆಗದು ಎನ್ನುವ ಗಟ್ಟಿ ಎದೆ ನನ್ನದಲ್ಲ. ಹೂಂ ಎಂದೆ. ಆಕೆ ಬಸ್ಸಿಗೆ ತಡವಾಯಿತೆಂದು ಎದ್ದಳು. ಹೊಸ್ತಿಲು ದಾಟಿದವಳು ತಿರುಗಿ, “ಮತ್ತ ಸೆರಗು ಬಿಡ್ರಿ, ಅಕ್ಕೋರ, ಮರೀಬ್ಯಾಡ್ರಿ,” ಎಂದು ಹೇಳಿ ಹೋದಳು.

ಆ ಒಂದು ಮಾತು ನಮ್ಮಿಬ್ಬರನ್ನೂ ವಾರಗಟ್ಟಲೆ ತಿಂದಿತು.

ಕತ್ತರಿ ಇಲ್ಲವೆಂದ ಮೇಲೆ ಪಟ್ಟಿಯ ಮಾತಿಲ್ಲ. ನೇಯ್ದದ್ದನ್ನು ಹಿಂದಕ್ಕೆ ಬಿಚ್ಚಿ, ಎಳೆ ಎಳೆಯಾಗಿ ತೆಗೆದು, ನಾಲ್ಕಾರು ಎಳೆ ಸೇರಿಸಿ ಹುರಿ ಮಾಡಬೇಕು. ಮೊದಲು ರೇಷ್ಮೆ ಎಷ್ಟಿದೆ ನೋಡೋಣ ಎಂದು, ಒಡಲಿನ ತುದಿಯಲ್ಲಿ ತಾನಾಗಿ ಬಿಚ್ಚಿಕೊಂಡಿದ್ದ ಒಂದು ಎಳೆ ಎಳೆದು ದೀಪಕ್ಕೆ ಹಿಡಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಬಂದದ್ದು ಕಾಗದ ಸುಟ್ಟ ವಾಸನೆ. ಒಡಲೆಲ್ಲ ಹತ್ತಿಯ ನೂಲು, ಉದ್ದದ ಹಾಸೂ ಅದೇ, ಅಡ್ಡದ ಹೊಕ್ಕೂ ಅದೇ. ಸೆರಗಿನ ಎಳೆ ಸುಟ್ಟಾಗ ಮಾತ್ರ ಕೂದಲ ವಾಸನೆ ಬಂತು. ಅಂಚಿನ ದಡಿಯಲ್ಲಿಯೂ ಸ್ವಲ್ಪ ಬಂತು. ಅಂದರೆ ಇಡೀ ಸೀರೆಯಲ್ಲಿ ರೇಷ್ಮೆ ಇದ್ದದ್ದು ಎರಡೇ ಕಡೆ, ಅದರಲ್ಲಿ ಸೆರಗನ್ನು ‘ಬಿಡ್ರಿ’ ಎಂದು ಆಕೆ ಹೇಳಿಹೋಗಿದ್ದಳು.

“ಮುಗೀತು,” ಎಂದೆ. “ಸೆರಗು ಬಿಡ್ರಿ ಅಂದ್ರ ಸೆರಗು ಮುಟ್ಟಬ್ಯಾಡ್ರಿ ಅಂತ.”

“ನಕ್ಕೋ ಅಕ್ಕೋರ, ಹಂಗಲ್ಲ,” ಎಂದಳು ಆಪಾ. “ಲಂಗಕ್ಕ ನೆರಿಗಿ ಬಿಡ್ರಿ ಅಂದ್ರ ನೆರಿಗಿ ಇಡೂದಿಲ್ಲೇನು? ಕುಂಚಿಗಿ ಹಿಂದ ಸೆರಗಿನಂಗ ಉದ್ದ ಬಿಡ್ರಿ ಅಂದಾಳ.”

“ಕುಂಚಿಗಿಗಿ ಸೆರಗು ಅಂತ ಯಾರ ಅಂತಾರ? ನಾ ಹುಟ್ಟಿದಾಗಿಂದ ಕೇಳಿಲ್ಲ.”

“ನಿಮ್ಮ ಕನ್ನಡಾ ನೀವ ನೋಡ್ಕೋರಿ. ಬಸ್ ಬಿಟ್ಟದ ಅಂತೀರಿ, ಕೂದಲಾ ಬಿಟ್ಟಾಳ ಅಂತೀರಿ, ಗಂಡಾ ಬಿಟ್ಟಾನ ಅಂತೀರಿ, ಸಾರಿಗಿ ಬ್ಯಾಳಿ ಬಿಟ್ಟೀನಿ ಅಂತೀರಿ. ಎಲ್ಲಾಕೂ ಒಂದ ಮಾತು. ನಾ ಯಾವ್ದು ತಿಳ್ಕೋಲಿ?”

ಫೋನು ಮಾಡಿ ಕೇಳಿದರೆ ಮುಗಿಯುತ್ತಿತ್ತು. ಮಾಡಿದೆವು, ಬಂದ್ ಆಗಿತ್ತು. ಮರುದಿನವೂ ಬಂದ್. ಕಚೇರಿಗೆ ಫೋನು ಹಚ್ಚಿದರೆ ಆಕೆ ರಜೆಯ ಮೇಲೆ ಹೋಗಿದ್ದಳು. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಸೆರಗನ್ನು ಹಾಗೇ ಬಿಟ್ಟು ದಡಿಗೆ ಕೈ ಹಾಕೋಣ ಎಂದು ನಾನೇ ತೀರ್ಮಾನ ಮಾಡಿದೆ. ಆಪಾ, “ನಿಮ್ಮ ಮರ್ಜಿ,” ಎಂದಳು. ಆಕೆ ಹಾಗೆ ಅಂದಳೆಂದರೆ ನಾನು ತಪ್ಪುತ್ತಿದ್ದೇನೆ ಎಂದು ಆಕೆಗೆ ಖಾತ್ರಿಯಾಗಿದೆ ಎಂದು ಅರ್ಥ.

ದಡಿಯ ರೇಷ್ಮೆ ಎಳೆಗಳು ಸೀರೆಯ ಉದ್ದಕ್ಕೂ ಓಡುತ್ತವೆ. ಅಡ್ಡ ಬಂದ ಹತ್ತಿಯ ನೂಲು ಅವನ್ನು ಬಿಗಿಯಾಗಿ ಹಿಡಿದಿರುತ್ತದೆ. ದಬ್ಬಣದ ಮೊನೆಯಿಂದ ಒಂದು ಎಳೆ ಎಬ್ಬಿಸಿ ಎಳೆದರೆ ಬಟ್ಟೆಯೆಲ್ಲ ಸುಕ್ಕುಗಟ್ಟಿ ಮುದುರುತ್ತಿತ್ತು. ಸುಕ್ಕನ್ನು ಬೆರಳಿನಿಂದ ಮುಂದಕ್ಕೆ ಸವರುತ್ತ ಗೇಣುದ್ದ ತರುವಷ್ಟರಲ್ಲಿ ಎಳೆ ಪಟ್ಟನೆ ಹರಿಯುತ್ತಿತ್ತು. ಎಲ್ಲಿ ಹರಿಯುತ್ತದೆ ಎಂದು ನೋಡಿದರೆ ಪ್ರತಿಸಲವೂ ಮಡಿಕೆಯ ಗೆರೆಯಲ್ಲಿ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲಿ ಜೀವ ಕಳೆದುಕೊಂಡಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಕುತ್ತಿಗೆ ಹಿಡಿದುಕೊಳ್ಳುವವರೆಗೆ ಕೂತು ತೆಗೆದದ್ದು ಕೊನೆಗೆ ನನ್ನ ಅಂಗೈಯಲ್ಲಿ ಹಿಡಿಯಿತು. ನಮ್ಮ ಯಜಮಾನರು ಊಟಕ್ಕೆ ಕೂತಾಗ ರೊಟ್ಟಿಯಲ್ಲಿ ಒಂದು ಎಳೆ ಸಿಕ್ಕಿ, “ಇದನ್ನೂ ಹೆಣೀತೀರೇನು?” ಎಂದು ಎತ್ತಿ ತೋರಿಸಿದರು. ಆಪಾ ನನ್ನ ಅಂಗೈ ನೋಡಿ, “ಇಷ್ಟರಾಗ ಗುಬ್ಬಿಗಿ ಕುಂಚಿಗಿ ಆಗ್ತದ,” ಎಂದಳು. ನನಗೆ ಅಳು ಬರುವ ಹಾಗಿತ್ತು, ಆದರೂ ನಗು ಬಂತು.

ಅದೇ ಸಂಜೆ ಹುಡುಗಿಯ ಗಂಡನ ಫೋನು ಬಂತು. ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಸಣ್ಣದು, ಯಾದಗಿರಿಯ ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ, ತಾಯಿ ಮಗಳು ಆರಾಮ ಇದ್ದಾರೆ. ಕುಂಚಿಗೆಯದೇ ಚಿಂತೆ ಮಾಡುತ್ತಾಳೆ, ಅದಕ್ಕೇ ಫೋನು ಮಾಡಿದೆ ಎಂದ. ಒಳ್ಳೆಯ ಹುಡುಗ. ನಾನು ತಡೆಯಲಾರದೆ, “ತಮ್ಮಾ, ಸೆರಗು ಬಿಡ್ರಿ ಅಂತ ಹೇಳಿದ್ಲಲ್ಲ ನಿನ್ನ ಹೇಣ್ತಿ, ಹಂಗಂದ್ರ ಏನು?” ಎಂದು ಕೇಳಿದೆ. ಅವನು, “ಯಾವ ಸೆರಗ್ರಿ?” ಎಂದ.

ಇನ್ನು ಕೂತು ಊಹೆ ಮಾಡಿ ಪ್ರಯೋಜನವಿಲ್ಲ ಎಂದು ಅನ್ನಿಸಿತು. ಹಗಲೆಲ್ಲ ಎಳೆ ಎಳೆಯುವ ಬದಲು ಒಂದು ಹಗಲು ಹೋಗಿ ಬಾಯಿಬಿಟ್ಟು ಕೇಳಿ ಬರುವುದು. ಬೆಳಿಗ್ಗೆ ಯಾದಗಿರಿ ಬಸ್ಸು ಹತ್ತಿದೆ. ಆಪಾ ಬಾಣಂತಿಗೆಂದು ಸ್ಟೀಲ್ ಡಬ್ಬಿಯಲ್ಲಿ ಹರೀರಾ ಮಾಡಿ ಕೊಟ್ಟಿದ್ದಳು. ಅವರ ಮನೆಗಳಲ್ಲಿ ಹೆತ್ತವರಿಗೆ ಕೊಡುವ ರವೆ, ತುಪ್ಪ, ಬಾದಾಮಿಯ ಗಂಜಿ ಅದು. ದಾರಿಯುದ್ದಕ್ಕೂ ಡಬ್ಬಿ ಬಿಸಿಯಾಗಿಯೇ ಇತ್ತು. ಬಸ್ಸಿನ ಸೀಟೂ ಅಷ್ಟೇ ಬಿಸಿ ಇತ್ತೆನ್ನಿ.

ವಾರ್ಡಿನಲ್ಲಿ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಆಕೆಯ ಅತ್ತೆ, ಮಾತು ಕಡಿಮೆಯ ಹೆಂಗಸು, ಕೂಸಿಗೆ ಬೀಸಣಿಕೆ ಬೀಸುತ್ತಿದ್ದಳು. ಕೂಸು ನನ್ನ ಮೊಣಕೈಯಷ್ಟೂ ಇರಲಿಲ್ಲ. ನಾನು ಹರೀರಾ ಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದೆ. ಸೆರಗು ಮುಟ್ಟಬೇಡಿ ಅಂದಿಯೋ, ಹಿಂದೆ ಉದ್ದ ಬಿಡಿ ಅಂದಿಯೋ?

ಆಕೆ ನಮ್ಮ ಜಗಳ ಕೇಳಿ ನಕ್ಕಳು. ಆಪರೇಷನ್ನಿನ ಹೊಲಿಗೆ ಎಳೆಯಿತೇನೋ, ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಕೂಸನ್ನು ಎತ್ತಿ ಬಗಲಿಗೆ ಇಟ್ಟುಕೊಂಡು, ತಾನು ಉಟ್ಟ ಸೀರೆಯ ಸೆರಗನ್ನು ಎಳೆದು ಕೂಸಿನ ತಲೆಯ ಮೇಲಿಂದ ಮುಖದ ಮುಂದಕ್ಕೆ ಇಳಿಬಿಟ್ಟು ತೋರಿಸಿದಳು.

“ಹೀಂಗ್ರಿ. ಅವ್ವ ಕೂಲಿಗಿ ಹೋಗುವಾಗ ನನ್ನ ಬಗಲಾಗ ಹೊತ್ತುಕೊಂಡು ಹೋಗ್ತಿದ್ದಳು. ನಮ್ಮ ಕಡಿ ಬಿಸಲು ನಿಮಗ ಗೊತ್ತಲ್ರಿ. ಆವಾಗ ನನ್ನ ಮ್ಯಾಲ ಸೆರಗು ಬಿಡ್ತಿದ್ದಳು. ಯಾವ ಸೀರಿ ಉಟ್ರೂ ಸೆರಗು ಕೆಂಪನ. ಒಳಗ ಕುಂತ್ರ ಎಲ್ಲಾ ಕೆಂಪ ಕಾಣ್ತಿತ್ತು. ನಾ ನಿದ್ದಿ ಮಾಡಿಬಿಡ್ತಿದ್ದೆ. ಕುಂಚಿಗಿ ಹಂಗ ಇರ್ಲಿ, ಮುಂದಕ್ಕ ಎಳದ್ರ ಮಾರಿ ಮ್ಯಾಲ ಬರ್ಲಿ ಅಂತ ಅಂದಿದ್ದೆ.”

ನಾನೂ ತಪ್ಪಿದ್ದೆ, ಆಪಾಳೂ ಪೂರ್ತಿ ಸರಿ ಇರಲಿಲ್ಲ. ಇನ್ನೊಂದು ಮಾತು ಹೇಳುವುದು ಉಳಿದಿತ್ತು, ಅದು ಕಷ್ಟದ್ದು. ಒಡಲೆಲ್ಲ ನೂಲು, ಸಾಲುವಷ್ಟು ರೇಷ್ಮೆ ಇರುವುದು ಸೆರಗಿನಲ್ಲಿ ಮಾತ್ರ, ಕುಂಚಿಗೆ ಆಗಬೇಕೆಂದರೆ ಸೆರಗನ್ನೇ ಬಿಚ್ಚಬೇಕು ಎಂದು ಹೇಳಿದೆ. ಹುಡುಗಿ ತಲೆ ತಗ್ಗಿಸಿದಳು.

“ಅವ್ವ ಅದನ್ನ ರೇಷ್ಮಿ ಸೀರಿ ಅಂತನ ಎತ್ತಿಟ್ಟಿದ್ದಳ್ರಿ. ನುಸಿ ಗುಳಿಗಿ ಹಾಕ್ತಿದ್ದಳು, ವರ್ಷಕ್ಕೊಮ್ಮಿ ನೆಳ್ಳಾಗ ಹಾಕಿ ತಗೀತಿದ್ದಳು.” ಕಣ್ಣೊರೆಸಿಕೊಂಡು, “ಬಿಚ್ಚರಿ. ಕತ್ತರಿ ಒಂದು ಬ್ಯಾಡ,” ಎಂದಳು.

ನಾನು ಒಂದು ದಾರದಿಂದ ಕೂಸಿನ ತಲೆಯ ಸುತ್ತಳತೆ ತೆಗೆದು, ಗಂಟು ಹಾಕಿ, ಕುಪ್ಪಸದೊಳಗೆ ಇಟ್ಟುಕೊಂಡೆ. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು, “ಬರೂ ಗುರುವಾರ ಬಿಟ್ಟು ಮುಂದಿನ ಗುರುವಾರ ತೊಟ್ಟಿಲಿಗಿ ಹಾಕ್ತೀವ್ರಿ,” ಎಂದಳು. ಅಷ್ಟೇ ಹೇಳಿದಳು. ಆದರೆ ನನ್ನ ಕೈ ಹಿಡಿದುಕೊಂಡು ಹೇಳಿದಳು.

ಇಳಕಲ್ ಸೀರೆ ಉಡದ ಹೆಂಗಸು ನಮ್ಮ ಕಡೆ ಇಲ್ಲ. ಅದರ ಸೆರಗು ಬೇರೆ, ಒಡಲು ಬೇರೆ, ಎರಡನ್ನೂ ಮಗ್ಗದ ಮೇಲೆಯೇ ಜೋಡಿಸುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು. ಹೇಗೆ ಜೋಡಿಸುತ್ತಾರೆ ಎಂದು ನಾವಿಬ್ಬರೂ ಕಣ್ಣಿಟ್ಟು ನೋಡಿದ್ದು ಆಗಲೇ. ಸೆರಗಿನ ಕೊನೆಯಿಂದ ಶುರುಮಾಡಿ ಅಡ್ಡ ಎಳೆಗಳನ್ನು ಬಿಚ್ಚುತ್ತ ಬಂದೆವು. ಅಡ್ಡ ಎಳೆ ಅಂಚಿನಿಂದ ಅಂಚಿಗೆ ಹೋಗಿ ತಿರುಗಿ ಬರುವ ಒಂದೇ ದಾರ, ಹಾಗಾಗಿ ಸ್ವೆಟರು ಬಿಚ್ಚಿದ ಹಾಗೆ ಬಂತು. ಒಬ್ಬರು ಎಬ್ಬಿಸುವುದು, ಒಬ್ಬರು ರಟ್ಟಿನ ತುಂಡಿಗೆ ಸುತ್ತುವುದು. ಸೆರಗಿನಲ್ಲಿ ಮಡಿಕೆಗಳು ಕಡಿಮೆ, ದಡಿ ಹರಿದ ಹಾಗೆ ಇದು ಹರಿಯಲಿಲ್ಲ. ಜೋಡಣೆಯ ಗೆರೆ ಮುಟ್ಟಿದಾಗ ಉಳಿದದ್ದು ಉದ್ದನೆಯ ಕೆಂಪು ಎಳೆಗಳು ಮಾತ್ರ. ನೀಲಿ ನೂಲಿನ ತುದಿ ಪ್ರತಿಯೊಂದೂ ಒಂದು ಕುಣಿಕೆ. ಕೆಂಪು ಎಳೆ ಆ ಕುಣಿಕೆಯೊಳಗೆ ಹಾದು, ಮಡಿಸಿಕೊಂಡು ಹಿಂದಕ್ಕೆ ಬಂದಿದೆ. ಗಂಟಿಲ್ಲ, ಹೊಲಿಗೆಯಿಲ್ಲ.

ಕತ್ತರಿ ಇಲ್ಲದೆ ಇದನ್ನು ಬೇರ್ಪಡಿಸುವುದು ಹೇಗೆ ಎಂದು ನಾನು ಬಸ್ಸಿನಿಂದ ಹಿಡಿದು ಯೋಚಿಸುತ್ತಲೇ ಇದ್ದೆ. ಆಪಾ ಒಂದು ಕೆಂಪು ಎಳೆಯ ಒಂದು ಕಾಲು ಹಿಡಿದು ಮೆಲ್ಲಗೆ ಎಳೆದಳು. ಇನ್ನೊಂದು ಕಾಲು ಮೇಲೇರಿ, ಕುಣಿಕೆಯೊಳಗಿಂದ ನುಸುಳಿ, ಇಡೀ ಎಳೆ ಆಕೆಯ ಕೈಗೆ ಬಂತು. ನೀಲಿ ಕುಣಿಕೆ ಹಾಗೇ ಉಳಿಯಿತು.

 “ಕುಣಿಕಿಯೊಳಗ ಕುಣಿಕಿ. ನಾವ ಮಾಡೂದನ್ನ ಮಾಡ್ಯಾರಲ್ಲ ಅಕ್ಕೋರ ಇವರು,” ಎಂದಳು ಆಪಾ. ಆ ಸೀರೆಯನ್ನು ಯಾವ ಊರಿನ ಯಾವ ಮನೆಯಲ್ಲಿ ಯಾರು ನೇಯ್ದರೋ ನಮಗೆ ಗೊತ್ತಿಲ್ಲ. ಒಬ್ಬ ಹೆಣ್ಣುಮಗಳ ಧಾರೆಗೆ ನೇಯ್ದದ್ದು, ಆಕೆಯ ಮೊಮ್ಮಗಳಿಗಾಗಿ ಒಂದು ಎಳೆಯೂ ಕಡಿಯದೆ ಬಿಚ್ಚಿಕೊಂಡು ಬಂತು. ಆ ಕೈಗಳಿಗೆ ನಾನು ಮನಸ್ಸಿನಲ್ಲೇ ಶರಣು ಅಂದೆ. ಆಪಾಳಿಗೂ ಅಂದೆ, ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಆಕೆ ಒಂದು ತಿಂಗಳು ಅದನ್ನೇ ಆಡುತ್ತಿದ್ದಳು.

ಮುಂದಿನದು ಕೆಲಸವೇ ಕೆಲಸ. ರೇಷ್ಮೆ ಎಳೆ ಒಂಟಿಯಾಗಿ ಕೂದಲಿನಂತೆ, ಹಿಡಿದರೂ ತಿಳಿಯದು. ಎಂಟೊಂಬತ್ತು ಎಳೆ ಸೇರಿಸಿದರೆ ಸೂಜಿಯ ಕೊಕ್ಕೆಗೆ ಸಿಗುವ ನೂಲಾಗುತ್ತಿತ್ತು. ತುದಿಗಳನ್ನು ಗಂಟು ಹಾಕಿ ಸೇರಿಸಿದರೆ ಎಳೆಗೂಸಿನ ಚರ್ಮಕ್ಕೆ ಒತ್ತುತ್ತದೆ. ಹಾಗಾಗಿ ಒಂದು ಎಳೆ ಮುಗಿಯುವ ಕಡೆ ಮಿಕ್ಕವು ಮುಗಿಯದ ಹಾಗೆ ಹಿಂದೆ ಮುಂದೆ ಜೋಡಿಸಿ, ತಕಲಿಯಲ್ಲಿ ಹುರಿ ಕೊಟ್ಟೆವು. ಗಂಟಿಲ್ಲದ ನೂಲು ಬಂತು. ಹುರಿ ತಿರುಗಿ ಬಿಚ್ಚದಿರಲೆಂದು ಒದ್ದೆ ಮಾಡಿ, ತುದಿಗೆ ಭಾರ ಕಟ್ಟಿ ನೆರಳಲ್ಲಿ ತೂಗಿಹಾಕಬೇಕು. ನಾನು ಕೈಗೆ ಸಿಕ್ಕ, ಅಡಿಕೆ ಕತ್ತರಿಸುವ ಅಡಕೊತ್ತು ಕಟ್ಟಲು ಹೋದೆ. ಆಪಾ ಕಸಿದುಕೊಂಡು, “ಅದೂ ಕತ್ತರಿ ಬಳಗದ್ದ. ತಂಬಿಗಿ ತರ್ರಿ,” ಎಂದಳು. ತಂಬಿಗೆ ಕಟ್ಟಿದೆವು.

ತೊಳೆದಾಗ ಕೆಂಪು ಬಿಟ್ಟಿತು. ಹಳೆಯ ಬಣ್ಣ, ನೀರು ದಾಸವಾಳದ ಹಾಗಾಯಿತು. ಕೂಸು ಎಂದರೆ ಸಿಕ್ಕಿದ್ದನ್ನು ಚೀಪುವ ಜೀವ, ಇದನ್ನು ಹೀಗೇ ಕೊಡಲಾಗದು. ಅಂಟವಾಳದ ನೊರೆಯಲ್ಲಿ ಅದ್ದುವುದು, ತಣ್ಣೀರಿನಲ್ಲಿ ಜಾಲಾಡುವುದು, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡುವುದು. ಬಟ್ಟೆಗೆ ಬಣ್ಣ ಹತ್ತದ ತನಕ ಬಿಡಲಿಲ್ಲ. ಕೊನೆಗೆ ಬಣ್ಣ ತುಸು ಇಳಿದು ಹಣ್ಣು ಮೆಣಸಿನಕಾಯಿಯ ಕೆಂಪು ಹೋಗಿ ದಾಳಿಂಬೆ ಕಾಳಿನ ಬಣ್ಣ ಉಳಿಯಿತು. ನನಗೆ ಅದೇ ಹೆಚ್ಚು ಚಂದ ಕಂಡಿತು.

ಹೆಣೆಯುವುದಕ್ಕೆ ಕೂತಾಗ ಗುರುವಾರ ಹತ್ತಿರ ಬಂದಿತ್ತು. ಹತ್ತಿಯ ನೂಲಾದರೆ ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಈ ನೂಲು ಒಮ್ಮೆ ಹೆಣೆದದ್ದನ್ನು ಬಿಚ್ಚಿದರೆ ಎಳೆಗಳು ಒಂದಕ್ಕೊಂದು ಹತ್ತಿಕೊಂಡು ಕಿತ್ತು ಬರುತ್ತವೆ. ಅದಕ್ಕೆ ಮೊದಲು ಹತ್ತಿಯಲ್ಲಿ ಒಂದು ಹೆಣೆದು, ದವಾಖಾನೆಯ ಅಳತೆ ದಾರ ಸುತ್ತಿ ನೋಡಿ, ಆಮೇಲೆ ರೇಷ್ಮೆಗೆ ಸೂಜಿ ಹಾಕಿದೆ. ಬೆರಳಿಗೆ ನೂಲು ಸುತ್ತಿ ಉಂಗುರ ಮಾಡಿ, ಅದರೊಳಗೆ ನಾವು ಕಂಬ ಎನ್ನುವ ನೆಟ್ಟಗಿನ ಹೆಣಿಗೆಗಳನ್ನು ಗಿಡ್ಡವಾಗಿ ಎತ್ತಿ, ತುದಿ ಎಳೆದರೆ ನಡುವಿನ ತೂತು ಮುಚ್ಚುತ್ತದೆ, ಅದು ನೆತ್ತಿ. ಸುತ್ತು ಸುತ್ತಿಗೂ ಕಂಬ ಹೆಚ್ಚಿಸುತ್ತ ಹೋಗಿ, ಕಿವಿಯ ಹತ್ತಿರ ಹೆಚ್ಚಿಸುವುದು ನಿಲ್ಲಿಸಿದೆ. ರೇಷ್ಮೆ ಜಾರುತ್ತದೆ, ಹತ್ತಿಯ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಕೈ ಸ್ವಲ್ಪ ಸಡಿಲವಾದರೂ ಕುಣಿಕೆ ಬಾಯಿ ತೆರೆದುಕೊಂಡು ಕೂರುತ್ತದೆ. ನಾನು ತಲೆ ಹೆಣೆದೆ. ಸೆರಗು ಹೆಣೆಯುವ ಸರದಿ ಬಂದಾಗ ಸೂಜಿಯನ್ನು ಆಪಾಳ ಕೈಗೆ ಕೊಟ್ಟೆ. ಅವಳ ಕೈ ನನ್ನದಕ್ಕಿಂತ ಸಮ. ಕುತ್ತಿಗೆಯಿಂದ ಕೆಳಕ್ಕೆ ಜಾಳಿಗೆಯ ಹಾಗೆ, ಉದ್ದ ಕಂಬ, ನಡುವೆ ಸರಪಳಿ, ಮತ್ತೆ ಉದ್ದ ಕಂಬ, ಗಾಳಿಯಾಡುವಂತೆ, ಆದರೆ ಬಿಸಿಲು ನೇರ ಬೀಳದಂತೆ ಹೆಣೆದಳು. ಮುಂದಕ್ಕೆ ಎಳೆದರೆ ಹಣೆ ದಾಟಿ ಮೂಗಿನ ತನಕ ಬರುವಷ್ಟು ಉದ್ದ. ಸೆರಗಿನ ಬಿಳಿ ಎಳೆಗಳು ಅಂಚಿಗಾದವು. ನಾನು ಅವಸರದಲ್ಲಿ ಕಿತ್ತಿಟ್ಟಿದ್ದ ದಡಿಯ ಹಿಡಿಯಷ್ಟು ರೇಷ್ಮೆಯನ್ನೂ ಆಪಾ ಎಸೆಯಲಿಲ್ಲ, ಹುರಿ ಮಾಡಿ ಗದ್ದದ ಕೆಳಗೆ ಕಟ್ಟುವ ಲಾಡಿ ಮಾಡಿದಳು. ಕೊನೆಯ ತುದಿಗಳನ್ನು ಕತ್ತರಿಸದೆ ಒಳಗೊಳಗೇ ಹೆಣೆದು ಮುಚ್ಚಿದೆವು. ಹಲ್ಲಿನಿಂದಲೂ ಕಚ್ಚಲಿಲ್ಲ.

ಗುರುವಾರ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆವು. ಕುಂಚಿಗೆ ಕೊಟ್ಟು, ಕೂಸು ನೋಡಿ, ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುವುದೆಂದು ನಮ್ಮ ಲೆಕ್ಕ. ಸೀರೆಯ ನೀಲಿ ಒಡಲನ್ನು ಇಸ್ತ್ರಿ ಮಾಡಿಸಿ ಬೇರೆ ಮಡಿಕೆಯಲ್ಲಿ ಮಡಿಸಿ ತಂದಿದ್ದೆವು. ಬಸ್ಸಿನಲ್ಲಿ ಆಪಾ ಎರಡು ಸಲ ಚೀಲ ತೆಗೆದು ಕುಂಚಿಗೆ ನೋಡಿದಳು. ಇಷ್ಟು ವರ್ಷ ಎಷ್ಟೋ ತೋರಣ, ಎಷ್ಟೋ ಚೀಲ ಮಾಡಿದ್ದೇವೆ, ಒಂದೂ ನಮ್ಮನ್ನು ಹೀಗೆ ಓಡಾಡಿಸಿಲ್ಲ. ನಮ್ಮ ಕೈಯಿಂದ ಇಂಥದ್ದೊಂದು ಆಗುತ್ತದೆ ಎಂದು ಆ ಹುಡುಗಿ ನಂಬಿದ್ದಳಲ್ಲ, ನಮಗೇ ಆ ನಂಬಿಕೆ ಇರಲಿಲ್ಲ. 

ಮನೆಯ ಮುಂದೆ ಚಪ್ಪಲಿ ಬಿಡುತ್ತಿದ್ದಂತೆ ಅತ್ತೆ ತಾನೇ ಕೊಡದಲ್ಲಿ ನೀರು ಹಿಡಿದು ಹೊರಗೆ ಬಂದಳು.

“ಬರ್ರಿ ಬೀಗತೇರ, ಕಾಲ ತೊಳಕೋರಿ.”

ಆಪಾ ತಿರುಗಿ ಹಿಂದೆ ನೋಡಿದಳು, ಸೊಸೆಯ ತವರಿನ ಬೀಗತಿಯರು ಯಾರು ಬಂದರೋ ಎಂದು. ಹಿಂದೆ ಯಾರೂ ಇರಲಿಲ್ಲ. ಅತ್ತೆ ನೀರು ಹಿಡಿದೇ ನಿಂತಿದ್ದಳು. ಮೊದಲು ನಾನು ಕಾಲು ತೊಳೆದೆ, ಆಮೇಲೆ ಆಪಾ. ಆಪಾ ಕಾಲು ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು.

ಒಳಗೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಹುಡುಗಿ ನೀಲಿ ಒಡಲನ್ನು ಮಡಿಸಿ ತೊಟ್ಟಿಲಲ್ಲಿ ಹಾಸಿದಳು. ಕುಂಚಿಗೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಮೂಗಿನ ಹತ್ತಿರ ಹಿಡಿದಳು. ಅಂಟವಾಳದ ವಾಸನೆ ಬಿಟ್ಟು ಬೇರೇನೂ ಉಳಿದಿರಲಾರದು ಎಂದುಕೊಂಡೆ. ಆಕೆ ಅದನ್ನು ನಮ್ಮ ಕಡೆಗೆ ಚಾಚಿ, “ನೀವ ಹಾಕ್ರಿ,” ಎಂದಳು. ನಾನು ತಲೆಗೆ ಇಟ್ಟೆ, ಆಪಾ ಲಾಡಿ ಕಟ್ಟಿದಳು. ಕೂಸು ಮುಖ ಸಿಂಡರಿಸಿತು, ಆದರೆ ಅಳಲಿಲ್ಲ. ಅತ್ತದ್ದು ಅದರ ತಾಯಿ. ಜನ ಇದ್ದಾರೆ ಎಂದು ನೋಡದೆ ಬಾಯಿಬಿಟ್ಟು ಅತ್ತಳು. ಅತ್ತೆ ಬಂದು ಬೆನ್ನ ಮೇಲೆ ಕೈ ಇಟ್ಟು ನಿಂತಳು.

ಹೊಸಬರನ್ನು ನೋಡಿದರೆ ಕೇಳದೆ ಬಿಡದ ಒಬ್ಬ ಮುದುಕಿ ಎಲ್ಲ ಓಣಿಯಲ್ಲೂ ಇರುತ್ತಾಳೆ. ಕಂಬಕ್ಕೆ ಒರಗಿ ಕೂತಿದ್ದ ಆಕೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ನನ್ನ ಕುಂಕುಮ ನೋಡಿದಳು, ಆಪಾಳ ತಲೆ ಮೇಲಿನ ದುಪಟ್ಟಾ ನೋಡಿದಳು.

“ಕುಂಚಿಗಿ ಚಲೋ ತಂದೀರಿ. ಹುಡಗಿ ತವರು ಯಾವೂರವ್ವಾ?”

 ಅತ್ತೆಯ ಕೈ ಹುಡುಗಿಯ ಬೆನ್ನ ಮೇಲೆ ಹಾಗೇ ಉಳಿಯಿತು. ನಿಜ ಹೇಳಿದರೆ ಈ ಹುಡುಗಿಗೆ ತವರಿಲ್ಲ ಎನ್ನಬೇಕು, ಅದೂ ಇವತ್ತು, ಇಷ್ಟು ಜನರ ಮುಂದೆ. 

“ಶಹಾಪುರ್ರಿ,” ಎಂದಳು ಆಪಾ.

ಮುದುಕಿ ತಲೆಯಾಡಿಸಿದಳು. “ಸಮೀಪನ ಆತು. ಹಂಗಾದ್ರ ಬಾಣಂತಿನ್ನ ಕರಕೊಂಡು ಹೋಗೂದು ಯಾವಾಗ?”

ಬಾಣಂತಿಯನ್ನು ತವರಿನವರು ಕರೆದುಕೊಂಡು ಹೋಗುವುದು, ಇಟ್ಟುಕೊಂಡು ಎರೆದು ಉಣಿಸುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ, ಮುದುಕಿ ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಹುಡುಗಿಯ ಕಡೆ ನೋಡಿದೆ. ಅವಳು ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಯಜಮಾನರಿಗೆ ಹೇಳಿಲ್ಲ, ಕೇಳಿಲ್ಲ. ಪಡಸಾಲೆ ತುಂಬ ಹಳೆ ಸೀರೆಗಳ ಗುಡ್ಡೆ, ಒಂದು ಮಂಚ ಹಾಕಬೇಕೆಂದರೂ ಅರ್ಧ ದಿನದ ಕೆಲಸ.

“ಸೋಮವಾರ,” ಎಂದೆ.

ಅತ್ತೆ ಒಂದು ಕ್ಷಣ ನನ್ನನ್ನೂ ಆಪಾಳನ್ನೂ ನೋಡಿದಳು. ಆಮೇಲೆ ಸೊಸೆಯ ಬೆನ್ನಿಂದ ಕೈ ತೆಗೆದು, ಸೆರಗಿನಿಂದ ಅವಳ ಮುಖ ಒರೆಸುತ್ತ ಹೇಳಿದಳು: “ಸೋಮವಾರ ಅಮಾಸಿ ಅದ, ಬೀಗತೇರ. ಬುಧವಾರ ಬರ್ರಿ.”

ಬುಧವಾರ ಇಬ್ಬರೂ ಹೋಗಿ ಮಗಳನ್ನು ಕರೆದುಕೊಂಡು ಬಂದೆವು.